ಒಳಗೆ ಬಿಟ್ಟ ಬಟ್ಟೆ

ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ಈ ದರ್ಜಿ ಹೆಂಗಸಿಗೆ ಅಷ್ಟು ಪುರುಸೊತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಐದೇ ಐದು ಶನಿವಾರ, ಹೊಲಿಗೆ ಬಿಚ್ಚುವ ಒಂದು ಬ್ಲೇಡು, ಮತ್ತು ಭಾವನ ಕಪ್ಪು ಪ್ಯಾಂಟು.

ಭಾವ ಅಂದರೆ ತೀರಿಹೋದ ಗಂಡನ ಅಣ್ಣ. ಬಾಯಲ್ಲಿ ಅವಳು 'ನೀವು' ಅನ್ನುತ್ತಿದ್ದಳು, ಮನಸ್ಸಿನಲ್ಲಿ ಮಾತ್ರ 'ಅವನು'. ಅವನು ದಿನಸಿ ಗೋದಾಮಿನಲ್ಲಿ ಮೇಲ್ವಿಚಾರಕ, ಭಾನುವಾರ ಚರ್ಚಿನ ಹಾಡುಗಾರರ ತಂಡದಲ್ಲಿ ದಪ್ಪ ದನಿಯವನು. ತಂಡದವರು ಇಟ್ಟ ಹೆಸರು 'ದೊಡ್ಡ ಗಂಟಲು'. ಆ ಹೆಸರು ಅವನ ಹಾಡಿಗೂ ಒಪ್ಪುತ್ತಿತ್ತು, ಊಟಕ್ಕೂ ಒಪ್ಪುತ್ತಿತ್ತು. ಅವಳ ಗಂಡನೂ ಅದೇ ತಂಡದಲ್ಲಿ ಹಾಡುತ್ತಿದ್ದ. ಅವನ ಹೆಸರು 'ಸಣ್ಣ ಗಂಟಲು'. ಅಣ್ಣ ಏನಂದರೂ ಹೂಂಗುಟ್ಟುವ ತಮ್ಮ. ಆ ಹೂಂಗುಟ್ಟುವ ಚಾಳಿಯೇ ಕಡೆಗೆ ಅವನ ಜೀವ ತಿಂದಿತು.

ನಡೆದದ್ದು ಹೋದ ವರ್ಷದ ಕ್ರಿಸ್‌ಮಸ್ ಮಧ್ಯಾಹ್ನ. ಅವಳ ಗಂಡನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಹೃದಯವೂ ಸೋತಿತ್ತು. ಡಾಕ್ಟರು ಬೆರಳು ಮಡಚಿ ಮಡಚಿ ಹೇಳಿ ಕಳಿಸಿದ್ದರು: ಹಬ್ಬದ ದಿನ ಹಸಿದುಕೊಂಡು ಹೋಗಬೇಡಿ, ಮನೆಯಲ್ಲೇ ಒಂದು ಬಟ್ಟಲು ಸೂಪು ಕುಡಿದು ಹೋಗಿ. ಸಣ್ಣ ತಟ್ಟೆ ಹಿಡಿಯಿರಿ. ಒಂದೇ ಸಲ ಬಡಿಸಿಕೊಳ್ಳಿ. ಉಪ್ಪು, ಸಿಹಿ ಎರಡಕ್ಕೂ ಕೈ ಬಿಗಿ ಹಿಡಿಯಿರಿ. ಉಂಡ ಮೇಲೆ ಕುರ್ಚಿಗೆ ಅಂಟಿಕೊಳ್ಳದೆ ನಾಲ್ಕು ಹೆಜ್ಜೆ ನಡೆಯಿರಿ. ಅವಳು ಅಂಗಡಿ ಬೀದಿ ಅಲೆದು ನೀಲಿ ಅಂಚಿನ ಒಂದು ಪುಟ್ಟ ತಟ್ಟೆ ತಂದಿದ್ದಳು, ಸರಿಯಾಗಿ ಅಂಗೈಯಗಲ. ಅದನ್ನು ಕೈಚೀಲದಲ್ಲಿಟ್ಟುಕೊಂಡು ಗಂಡ ಹೆಂಡತಿ ಇಬ್ಬರೂ ಭಾವನ ಮನೆಗೆ ಊಟಕ್ಕೆ ಹೋಗಿದ್ದರು.

"ಏನೋ ಇದು, ಬೆಕ್ಕಿನ ತಟ್ಟೆ ತಂದಿದ್ದೀಯ?" ಎಂದು ಭಾವ ಆ ತಟ್ಟೆಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಅವನು ಅದನ್ನು ನೆಲಕ್ಕಿಟ್ಟು ಬೆಕ್ಕಿಗೆ ಕೋಳಿಯ ಚರ್ಮ ಹಾಕಿ, ತಮ್ಮನ ಮುಂದೆ ದೊಡ್ಡ ತಟ್ಟೆ ಎಳೆದ. "ತಿನ್ನೋ. ಒಂದು ದಿನಕ್ಕೆ ಏನೂ ಆಗಲ್ಲ. ಹೆಂಡ್ತಿ ಮಾತು ಕಟ್ಕೊಂಡು ಹಸಿದು ಸಾಯ್ತೀಯಾ?"

ತಮ್ಮ ಒಮ್ಮೆ ಹೆಂಡತಿಯ ಮುಖ ನೋಡಿದ, ಒಮ್ಮೆ ಅಣ್ಣನ ಮುಖ ನೋಡಿದ. ಆಮೇಲೆ ಹೂಂ ಅಂದ. ಹುರಿದ ಕೋಳಿ, ಉಪ್ಪಿನಲ್ಲಿ ಹದ ಮಾಡಿದ ಮಾಂಸ, ಬೆಣ್ಣೆಯಲ್ಲಿ ಮುಳುಗಿದ ಆಲೂಗಡ್ಡೆ, ಪುಡ್ಡಿಂಗು, ಕೇಕು, ಮತ್ತೆ ಕೇಕು. ಅವಳು ಮೇಜಿನ ಕೆಳಗಿಂದ ಗಂಡನ ಕಾಲು ತುಳಿದಳು. ಅವನು ಕಾಲು ಹಿಂದಕ್ಕೆ ತೆಗೆದುಕೊಂಡ. ಮರುದಿನ ಬೆಳಗ್ಗೆ ಎದೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕುಸಿದ. ಮೂರನೆಯ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟ.

ಇಷ್ಟೇ ಆಗಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಮಣ್ಣು ಕೊಟ್ಟು ಬಂದ ದಿನ, ನೆರೆದ ಜನರ ಮುಂದೆ, ಆ ದೊಡ್ಡ ಗಂಟಲು ತನ್ನ ದಪ್ಪ ದನಿಯಲ್ಲಿ ಹೇಳಿತು: "ಬೆಕ್ಕಿನ ತಟ್ಟೇಲಿ ಊಟ ಹಾಕಿ ಹಾಕಿ ನನ್ನ ತಮ್ಮನ್ನ ಉಪವಾಸ ಕೆಡವಿದ್ಳು. ಶಕ್ತಿ ಇಲ್ದೆ ಸತ್ತ." ಕೊಂದವನೇ ಕಣ್ಣೊರೆಸಿಕೊಂಡ. ಕಾಪಾಡಲು ಹೋದವಳ ತಲೆಗೆ ಕೊಲೆ ಕಟ್ಟಿದ. ಅಂದಿನಿಂದ ಬೀದಿಯಲ್ಲಿ ಅವಳನ್ನು ಕಂಡವರು ಮಾತು ತಗ್ಗಿಸುತ್ತಿದ್ದರು. ಅಳತೆ ಕೊಡಲು ಬಂದ ಹೆಂಗಸರು ಕೂಡ, ಟೇಪು ಸೊಂಟ ಸುತ್ತುವಾಗ, ಇವಳೇ ಅಲ್ಲವೇ ಗಂಡನಿಗೆ ಅನ್ನ ಹಾಕದವಳು ಎಂಬಂತೆ ನೋಡುತ್ತಿದ್ದರು.

ಅವಳ ಅಂಗಡಿ ಮೂರು ಮೆಟ್ಟಿಲು ಹತ್ತಿದರೆ ಸಿಗುವ ಒಂದೇ ಕೋಣೆ. ಕಿಟಕಿಯ ಪಕ್ಕ ಮೆಷಿನ್ನು, ನಡುವೆ ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಮೂರಾಳು ತೂಕದ ಇಸ್ತ್ರಿ ಪೆಟ್ಟಿಗೆ. ಹಾಡುಗಾರರ ತಂಡದ ಕಪ್ಪು ಪ್ಯಾಂಟುಗಳನ್ನೆಲ್ಲ ಎರಡು ವರ್ಷದ ಹಿಂದೆ ಅವಳೇ ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿದಿದ್ದಳು. ಪ್ರತಿ ಶನಿವಾರ ಅವು ಇಸ್ತ್ರಿಗೆ ಅವಳ ಹತ್ತಿರವೇ ಬರುತ್ತಿದ್ದವು. ಕೆಲಸ ಕೆಲಸವೇ, ದ್ವೇಷವಿದೆಯೆಂದು ಭಾವನ ಪ್ಯಾಂಟಿಗೆ ಸುಕ್ಕು ಉಳಿಸುವವಳಲ್ಲ ಅವಳು.

ನವೆಂಬರ್ ಕೊನೆಯ ಶನಿವಾರ ಆ ಪ್ಯಾಂಟನ್ನು ತಂದವಳು ಅಕ್ಕ, ಅಂದರೆ ಭಾವನ ಹೆಂಡತಿ. ಬಾಯಿ ಸತ್ತ, ಮೆತ್ತಗಿನ ಹೆಂಗಸು. ಸ್ಟೂಲಿನ ಮೇಲೆ ಕೂತವಳೇ ಬೆರಳಿಗೆ ಕರವಸ್ತ್ರ ಸುತ್ತಿಕೊಳ್ಳತೊಡಗಿದಳು.

"ನಿಮ್ಮ ಭಾವನ್ನ ಡಾಕ್ಟ್ರು ಬೈದು ಕಳಿಸಿದ್ದಾರಮ್ಮ. ರಕ್ತದ ಒತ್ತಡ ಜಾಸ್ತಿಯಂತೆ, ಎದೆ ಹತ್ರ ಕೊಬ್ಬು ಕಟ್ಟಿದೆಯಂತೆ. ಸೊಂಟ ಈಗ ನಲವತ್ತೆರಡು. ಈ ಹಬ್ಬದಲ್ಲಿ ಇನ್ನೊಂದಿಂಚು ಹೆಚ್ಚಿದ್ರೂ ನಾನು ಜವಾಬ್ದಾರನಲ್ಲ ಅಂದ್ರು."

"ತೂಕ ನೋಡ್ಕೊಳ್ತಿದ್ದಾರಾ ಅಕ್ಕ?"

"ತೂಕದ ಯಂತ್ರ ಮನೆಗೆ ತಂದೆ. ಕಾಲಲ್ಲಿ ಒದ್ದು ಮಂಚದ ಕೆಳಗೆ ತಳ್ಳಿದ್ರು. ಕೇಳಿದ್ರೆ, ಮೂವತ್ತು ವರ್ಷದಿಂದ ಗೋದಾಮಿನ ತಕ್ಕಡಿ ನೋಡ್ತಿದ್ದೀನಿ, ಯಂತ್ರ ಹೇಗೆ ಸುಳ್ಳು ಹೇಳುತ್ತೆ ಅಂತ ನನಗೆ ಗೊತ್ತು, ಪ್ಯಾಂಟು ಸುಳ್ಳು ಹೇಳಲ್ಲ ಅಂತಾರೆ. ಹಾಡೋ ಪ್ಯಾಂಟಿನ ಕೊಕ್ಕೆ ಹಾಕೋಕಾಗೋ ತನಕ ತಿಂತೀನಿ, ಹಾಕೋಕಾಗದೆ ಹೋದ ದಿನ ಬಾಯಿ ಕಟ್ತೀನಿ ಅಂತ ಹಟ. ನೀನಾದ್ರೂ ಒಂದು ಮಾತು ಹೇಳಮ್ಮ."

"ನಾನು ಹೇಳಿದ್ರೆ ಕೇಳ್ತಾರಾ? ನಾನು ಉಪವಾಸ ಕೆಡವೋಳು."

ಅಕ್ಕ ತಲೆ ತಗ್ಗಿಸಿದಳು. ಪ್ಯಾಂಟನ್ನು ಮೇಜಿನ ಮೇಲಿಟ್ಟು ಎದ್ದು ಹೋದಳು.

ಭಾವನ ಲೆಕ್ಕ ಒಂದು ರೀತಿಯಲ್ಲಿ ಸರಿಯಾಗಿಯೇ ಇತ್ತು. ಗೋದಾಮಿನಲ್ಲಿ ಅವನು ತೊಡುವುದು ಎಲಾಸ್ಟಿಕ್ ಹಾಕಿದ ಪ್ಯಾಂಟು, ಮನೆಯಲ್ಲಿ ಲಾಡಿಯ ಪೈಜಾಮ. ಎರಡೂ ಮಾಲೀಕನ ಹೊಟ್ಟೆಗೆ ತಕ್ಕಂತೆ ಹೂಂಗುಟ್ಟುವ ಬಟ್ಟೆಗಳು. ಖಡಾಖಂಡಿತವಾಗಿ ಸತ್ಯ ಹೇಳುವುದು ಹಾಡುವ ಪ್ಯಾಂಟೊಂದೇ. ಆದರೆ ಆ ಸತ್ಯವನ್ನು ಹೊಲಿದವಳು ಯಾರು ಎಂಬುದನ್ನು ಅವನು ಮರೆತಿದ್ದ.

ಅವಳು ಪ್ಯಾಂಟನ್ನು ಒಳಮೈ ಮಾಡಿ ಇಸ್ತ್ರಿ ಮೇಜಿನ ಮೇಲೆ ಹರಡಿದಳು. ಬುದ್ಧಿವಂತ ದರ್ಜಿ ಯಾರೇ ಆಗಲಿ, ಸೊಂಟದ ಹಿಂಭಾಗದ ಹೊಲಿಗೆಯಲ್ಲಿ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿಯುತ್ತಾನೆ. ಮನುಷ್ಯ ದಪ್ಪಗಾದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡಲು ಅದು ಬೇಕಾಗುತ್ತದೆ. ಭಾವನ ಪ್ಯಾಂಟಿನಲ್ಲಿ ಎರಡೂ ಕಡೆ ಸೇರಿ ಪೂರ್ತಿ ಎರಡಿಂಚು ಬಿಟ್ಟಿದ್ದಳು. ಆ ಎರಡಿಂಚು ಬಟ್ಟೆಯನ್ನು ಹೆಬ್ಬೆರಳಿನಿಂದ ಸವರುತ್ತಾ ನಿಂತವಳಿಗೆ ಎದೆಯಲ್ಲಿ ಒಂದು ವರ್ಷದಿಂದ ಬೂದಿ ಮುಚ್ಚಿದ್ದ ಕೆಂಡ ಭಗ್ಗೆಂದಿತು. ವಿಷ ಬೇಡ, ಶಾಪ ಬೇಡ, ಒಂದು ಕೆಟ್ಟ ಮಾತೂ ಬೇಡ. ವಾರಕ್ಕೆ ಅರ್ಧ ಇಂಚು ಸಾಕು.

ಬ್ಲೇಡು ತೆಗೆದುಕೊಂಡಳು. ಹಳೆಯ ಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಬಿಚ್ಚಿ, ಕಾಲಿಂಚು ಈ ಕಡೆ ಕಾಲಿಂಚು ಆ ಕಡೆ ಬಿಟ್ಟು ಹೊಸ ಹೊಲಿಗೆ ಹಾಕಿದಳು. ಹಳೆಯ ಸೂಜಿಯ ತೂತುಗಳ ಮೇಲೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಒತ್ತಿದಳು. ಹಬೆ ಏಳುವಾಗ ಅವಳಿಗೆ ನಗು ಬಂತು. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಡಿಸೆಂಬರ್ ಬಂದರೆ ಹಾಡುಗಾರರ ತಂಡ ಮನೆ ಮನೆಗೆ ಹೋಗಿ ಹಾಡುತ್ತದೆ. ಪ್ರತಿ ಮನೆಯಲ್ಲೂ ಮೇಜು ತುಂಬಿರುತ್ತದೆ. ಬೇರೆಯವರು ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡು ಮುಂದಿನ ಮನೆಗೆ ಹೊರಟರೆ, ದೊಡ್ಡ ಗಂಟಲು ಮೇಜು ಖಾಲಿಯಾಗುವ ತನಕ ಆ ಮನೆಯವರಿಗೆ ಮರ್ಯಾದೆ ಮಾಡುತ್ತಿದ್ದ. ಸೋಮವಾರ ಕೆಲಸಕ್ಕೆ ಹೋಗುವಾಗ ಅಂಗಡಿಯ ಮುಂದೆ ನಿಂತು ವರದಿ ಒಪ್ಪಿಸುತ್ತಿದ್ದ.

"ಏನಮ್ಮ ಸೂಜಿಯಮ್ಮ, ನಿನ್ನೆ ನಾಲ್ಕು ಮನೆ! ಮಧ್ಯದ ಮನೇಲಿ ಬಾತುಕೋಳಿ. ಆದ್ರೂ ನೋಡು, ಕೊಕ್ಕೆ ಹಾಕಿದ ಮೇಲೂ ಹೆಬ್ಬೆಟ್ಟು ಒಳಗೆ ಹೋಗ್ತಿತ್ತು. ಡಾಕ್ಟರಿಗೆ ಏನು ಗೊತ್ತು ಮಣ್ಣು!"

"ನಿಮ್ಮ ಮೈಯೇ ಹಾಗೆ ಭಾವ, ತಿಂದದ್ದು ಹತ್ತೋದೇ ಇಲ್ಲ. ಕೆಲವರು ಪುಣ್ಯ ಮಾಡಿರ್ತಾರೆ," ಎನ್ನುತ್ತಿದ್ದಳು ಅವಳು, ಸೂಜಿಗೆ ದಾರ ಪೋಣಿಸುತ್ತಾ.

"ಅದನ್ನ ನಿನ್ನ ಗಂಡನಿಗೂ ಹೇಳಿ ಹೊಟ್ಟೆ ತುಂಬ ಹಾಕಿದ್ರೆ ಇವತ್ತು ಇರ್ತಿದ್ದ."

ಹೀಗೆ ಒಂದು ಬಾಣ ಬಿಟ್ಟೇ ಹೋಗುತ್ತಿದ್ದ. ಬಿಡಲಿ, ಬಿಡಲಿ. ಮುಂದಿನ ಶನಿವಾರ ಅವಳ ಬ್ಲೇಡು ಇನ್ನಷ್ಟು ಚುರುಕಾಗಿ ಓಡುತ್ತಿತ್ತು. ಎರಡನೆಯ ಶನಿವಾರ ಅರ್ಧ ಇಂಚು. ಮೂರನೆಯ ಶನಿವಾರ ಅರ್ಧ ಇಂಚು. ಅಂಗಡಿಯ ಮುಂದೆ ನಿಂತಾಗ ಅವನು ಏದುಸಿರು ಬಿಡುವುದು, ಪಾದ ಊದಿ ಬೂಟಿನ ದಾರ ಕಟ್ಟದೆ ಬಿಟ್ಟಿರುವುದು, ಕುತ್ತಿಗೆಯ ಮೇಲೆ ಇನ್ನೊಂದು ಮಡಿಕೆ ಬಿದ್ದಿರುವುದು, ಯಾವುದೂ ಅವಳ ಕಣ್ಣು ತಪ್ಪಲಿಲ್ಲ. ಮೈ ಅಳೆಯುವುದೇ ಅವಳ ಕಸುಬು. ಅವನ ಹೆಂಡತಿಗಿಂತ, ಡಾಕ್ಟರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು ಅವನು ಎಲ್ಲಿಗೆ ಹೊರಟಿದ್ದಾನೆಂದು. ಗೊತ್ತಿದ್ದೂ ಅವಳಿಗೆ ಸುಖವಾಗಿತ್ತು. ಸುಳ್ಳೇಕೆ ಹೇಳಬೇಕು, ಬಹಳ ಸುಖವಾಗಿತ್ತು.

ಮೂರನೆಯ ವಾರದ ಗುರುವಾರ ಭಾವನ ಮಗಳು ಅಂಗಡಿಗೆ ಬಂದಳು. ಅವಳಿಗೆ ಮದುವೆಯಾಗಿ ಇನ್ನೂ ಎರಡು ವರ್ಷವಾಗಿರಲಿಲ್ಲ. ಗಂಡ ಬಸ್ಸು ಚಾಲಕ, ದಿನವಿಡೀ ಕೂತೇ ಇರುವ ಕೆಲಸ.

"ಚಿಕ್ಕಮ್ಮ, ಅವರಿಗೂ ಸಕ್ಕರೆ ಬಂದಿದೆ. ಹೋದ ತಿಂಗಳು ಗೊತ್ತಾಯ್ತು. ಇನ್ನೂ ಮೂವತ್ತನಾಲ್ಕು ವಯಸ್ಸು."

ದರ್ಜಿಯ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು. "ಡಾಕ್ಟ್ರು ಹೇಳಿದ್ದು ಮಾಡಿಸು. ಸಣ್ಣ ತಟ್ಟೆ, ಒಂದೇ ಸಲ ಬಡಿಸು. ಉಂಡ ಮೇಲೆ ನಡೆಸು."

"ಮನೇಲಿ ಎಲ್ಲಾ ಮಾಡ್ತೀನಿ. ಕ್ರಿಸ್‌ಮಸ್ ಊಟದ್ದೇ ಭಯ. ಅಪ್ಪ ಬಡಿಸೋಕೆ ನಿಂತ್ರೆ ನಮ್ಮವರು ಬಾಯಿ ಬಿಡಲ್ಲ. ಮಾವನಿಗೆ ಬೇಡ ಅನ್ನೋದು ಹೇಗೆ ಅಂತಾರೆ. ನೀವು ಅವರ ಪಕ್ಕದಲ್ಲಿ ಕೂತ್ಕೊಳ್ಳಿ ಚಿಕ್ಕಮ್ಮ. ನನಗೆ ಬೇರೆ ಯಾರೂ ಇಲ್ಲ."

"ನಿಮ್ಮ ಮನೆ ಊಟಕ್ಕೆ ನಾನು ಬರೋದೇ ಅನುಮಾನ," ಎಂದಳು ಅವಳು. ಅದು ಸುಳ್ಳು. ತನ್ನ ಹೊಲಿಗೆ ಕೆಲಸ ಮಾಡುವುದನ್ನು ಕಣ್ಣಾರೆ ನೋಡಲು ಅವಳು ಹೋಗಿಯೇ ಹೋಗುವವಳಿದ್ದಳು. ಆ ಹುಡುಗಿ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದಳು. ಅವಳು ಹೋದ ಮೇಲೆ ದರ್ಜಿ ಎಳೆದ ಸೀಮೆಸುಣ್ಣದ ಗೆರೆ ಸೊಟ್ಟಗಾಗಿತ್ತು, ಅಳಿಸಿ ಮತ್ತೆ ಎಳೆಯಬೇಕಾಯಿತು.

ನಾಲ್ಕನೆಯ ಶನಿವಾರ ಒಳಗೆ ಬಿಟ್ಟ ಬಟ್ಟೆಯೆಲ್ಲ ಮುಗಿಯಿತು. ಸೊಂಟ ನಲವತ್ತನಾಲ್ಕು. ಡಾಕ್ಟರು ಎಳೆದ ಗೆರೆ ಎಂದೋ ಹಿಂದೆ ಬಿದ್ದಿತ್ತು.

ಐದನೆಯ ಶನಿವಾರ, ಹಬ್ಬಕ್ಕೆ ಮೂರು ದಿನ ಮುಂಚೆ, ಅಕ್ಕ ಪ್ಯಾಂಟು ಹಿಡಿದುಕೊಂಡು ಬಂದಾಗ ಅವಳ ಮುಖದಲ್ಲಿ ಕಳೆಯಿತ್ತು.

"ಕಡೆಗೂ ದೇವರು ಕಣ್ಣು ಬಿಟ್ಟನಮ್ಮ. ಬುಧವಾರ ಹಾಡೋಕೆ ಹೋದಾಗ ಪ್ಯಾಂಟು ಬಿಗಿಯಾಯ್ತಂತೆ. ಉಸಿರು ಬಿಗಿಹಿಡಿದು ಕೊಕ್ಕೆ ಹಾಕಿದ್ರಂತೆ. ಹೆದರಿಬಿಟ್ಟಿದ್ದಾರೆ. ನಾಳೆನೂ ಹೀಗೇ ಆದ್ರೆ ಹಬ್ಬದ ದಿನ ಬರೀ ಸೂಪು ಕುಡೀತೀನಿ ಅಂತ ಅವರೇ ಬಾಯಿ ಬಿಟ್ಟು ಹೇಳಿದ್ರು."

ಅಕ್ಕ ಹೋದ ಮೇಲೆ ದರ್ಜಿ ಆ ಪ್ಯಾಂಟನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಳು. ಇಸ್ತ್ರಿ ಮಾಡಿ ಹಾಗೇ ಕಳಿಸಿದರೆ ಆಯಿತು. ಮನುಷ್ಯ ಹೆದರುತ್ತಾನೆ, ಬಾಯಿ ಕಟ್ಟುತ್ತಾನೆ, ಬದುಕುತ್ತಾನೆ. ಬದುಕಿ ಮತ್ತೆ ಸೋಮವಾರ ಸೋಮವಾರ ಅಂಗಡಿಯ ಮುಂದೆ ನಿಂತು, ನೀನೇ ಅವನನ್ನು ಉಪವಾಸ ಕೆಡವಿದೆ ಅನ್ನುತ್ತಾನೆ. ತನ್ನ ಗಂಡನಿಗೆ ಯಾವ ಪ್ಯಾಂಟು ಎಚ್ಚರಿಕೆ ಕೊಟ್ಟಿತ್ತು? ಕೊಟ್ಟವಳು ತಾನೊಬ್ಬಳೇ. ಅವಳ ಬಾಯಿ ಮುಚ್ಚಿಸಿದವನು ಇವನು.

ಅವಳು ಎದ್ದು ಕಪಾಟು ತೆಗೆದಳು. ಕೆಳಗಿನ ಅರೆಯಲ್ಲಿ ಗಂಡನ ಹಾಡುವ ಪ್ಯಾಂಟು ಮಡಚಿಟ್ಟಿತ್ತು. ಅದೇ ಥಾನು, ಅದೇ ಕಪ್ಪು. ಕತ್ತರಿ ಹಾಕುವಾಗ ಕಣ್ಣು ತುಂಬಿ ಎರಡು ಸಲ ನಿಲ್ಲಿಸಬೇಕಾಯಿತು. ಕಾಲಿನ ಭಾಗದಿಂದ ಒಂದು ತ್ರಿಕೋನದ ತುಂಡು ಕತ್ತರಿಸಿ, ಭಾವನ ಸೊಂಟದ ಹಿಂದಿನ ಹೊಲಿಗೆ ಬಿಚ್ಚಿ, ನಡುವೆ ಕೂಡಿಸಿದಳು. ಇನ್ನೊಂದಿಂಚು. ಬೆಣ್ಣೆಯಿಂದ ಕೂದಲು ತೆಗೆದ ಹಾಗಿತ್ತು ಕೆಲಸ. ಮೇಲಿನಿಂದ ನೋಡಿದರೆ ದರ್ಜಿಗೂ ಗೊತ್ತಾಗುವಂತಿರಲಿಲ್ಲ.

ಸೋಮವಾರ ಭಾವ ಮೂರು ಮೆಟ್ಟಿಲು ಹತ್ತಿ, ಬಾಗಿಲ ಚೌಕಟ್ಟು ಹಿಡಿದು ಉಸಿರು ಎಳೆದುಕೊಂಡು ಹೇಳಿದ: "ಸುಮ್ನೆ ಹೆದರಿದ್ದೆ ಕಣಮ್ಮ. ನಿನ್ನೆ ಪ್ಯಾಂಟು ನೀರು ಕುಡಿದಷ್ಟು ಸುಲಭವಾಗಿ ಏರ್ತು. ಬುಧವಾರ ಗ್ಯಾಸ್ ಇದ್ದಿರಬೇಕು. ಹಬ್ಬದ ಊಟಕ್ಕೆ ಬಾ. ಬೆಕ್ಕಿನ ತಟ್ಟೆ ಮಾತ್ರ ತರಬೇಡ."

ಅವಳು ತಂದಳು. ಕ್ರಿಸ್‌ಮಸ್ ಮಧ್ಯಾಹ್ನ ನೀಲಿ ಅಂಚಿನ ಆ ಪುಟ್ಟ ತಟ್ಟೆಯನ್ನು ತನ್ನ ಮುಂದೆಯೇ ಇಟ್ಟುಕೊಂಡು ಕೂತಳು. ಮನೆಯಲ್ಲಿ ಸೂಪು ಕುಡಿದೇ ಬಂದಿದ್ದಳು. ಮೇಜಿನ ತಲೆಯಲ್ಲಿ ಭಾವ, ಹಾಡುವ ಕಪ್ಪು ಪ್ಯಾಂಟು ತೊಟ್ಟು, ಮುಖ ಕೆಂಪೇರಿ, ಹಣೆಯಲ್ಲಿ ಬೆವರು. ಅವನ ಎಡಗಡೆ ಅಳಿಯ, ಅಳಿಯನ ಆಚೆ ಮಗಳು. ಅಕ್ಕ ಅಡುಗೆಮನೆಗೂ ಮೇಜಿಗೂ ಓಡಾಡುತ್ತಿದ್ದಳು. ಭಾವ ಮೊದಲನೆಯ ತಟ್ಟೆ ಮುಗಿಸಿದ, ಎರಡನೆಯದನ್ನೂ ಮುಗಿಸಿದ. ಅವಳು ಒಂದೊಂದು ತುತ್ತನ್ನೂ ನೋಡುತ್ತಿದ್ದಳು. ತಿನ್ನು, ತಿನ್ನು. ಮಾಡಿದ್ದುಣ್ಣೋ ಮಹಾರಾಯ.

ಆಗ ಅವನು ದೊಡ್ಡ ಚಮಚ ಹಿಡಿದು ಅಳಿಯನ ಕಡೆ ತಿರುಗಿದ.

"ಏನು ಅಳಿಯಂದ್ರೇ, ತಟ್ಟೆ ಖಾಲಿ?"

"ಸಾಕು ಮಾವ. ಡಾಕ್ಟ್ರು ಸ್ವಲ್ಪ..."

"ಡಾಕ್ಟ್ರು!" ಭಾವ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ಸ್ವೆಟರು ಮೇಲೆತ್ತಿ ಸೊಂಟದ ಪಟ್ಟಿಗೆ ಎರಡು ಏಟು ಬಡಿದ. "ಇಲ್ನೋಡಿ. ಐದು ವಾರ, ಹದಿನೆಂಟು ಮನೆ. ಒಂದು ಮನೇಲೂ ಬೇಡ ಅಂದಿಲ್ಲ. ಪಟ್ಟಿ ಒಂದು ನೂಲು ಸರಿದಿದೆಯಾ? ನನ್ನನ್ನೂ ಹೆದರಿಸಿದ್ರು ನಿಮ್ಮ ಡಾಕ್ಟ್ರು. ಇದೇ ಸಾಕ್ಷಿ. ತಿನ್ನಿ, ಒಂದು ದಿನಕ್ಕೆ ಏನೂ ಆಗಲ್ಲ. ಹೆಂಡ್ತಿ ಮಾತು ಕಟ್ಕೊಂಡ್ರೆ ನನ್ನ ತಮ್ಮನ ಗತಿನೇ."

ಪುಡ್ಡಿಂಗಿನ ದೊಡ್ಡ ತುಂಡು ಅಳಿಯನ ತಟ್ಟೆಗೆ ಬಿತ್ತು. ಅದರ ಮೇಲೆ ಕೆನೆ. ಅಳಿಯ ಹೆಂಡತಿಯ ಮುಖ ನೋಡಿದ, ಮಾವನ ಮುಖ ನೋಡಿದ, ಮಾವನ ಸೊಂಟ ನೋಡಿದ. ಚಮಚ ಎತ್ತಿಕೊಂಡ. ಆ ಹುಡುಗಿ ಮೇಜಿನ ಕೆಳಗಿಂದ ಅವನ ಕಾಲು ತುಳಿದದ್ದು ದರ್ಜಿಗೆ ಗೊತ್ತಾಯಿತು. ಅವನು ಕಾಲು ಹಿಂದಕ್ಕೆ ತೆಗೆದುಕೊಂಡದ್ದೂ ಗೊತ್ತಾಯಿತು.

ಇನ್ನು ಸ್ವಲ್ಪ ದಿನ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಸಾಕಿತ್ತು. ಐದು ವಾರ ಕಾದವಳಿಗೆ ಅದೇನು ದೊಡ್ಡದು! ಆದರೆ ಸಾಕ್ಷಿ ಹೇಳುತ್ತಿದ್ದದ್ದು ಅವಳ ಹೊಲಿಗೆ. ಅವಳೇ ಬಿಚ್ಚಿ ಅವಳೇ ಹಾಕಿದ ಹೊಲಿಗೆಯನ್ನು ತಟ್ಟಿ ತೋರಿಸಿ, ಅವನು ಇನ್ನೊಬ್ಬಳ ಗಂಡನಿಗೆ ಉಣ್ಣಿಸುತ್ತಿದ್ದ. ಸಿಟ್ಟು ಅವಳ ಪಾದದಿಂದ ನೆತ್ತಿಗೇರಿತು. ಅವನ ಮೇಲಿನ ಸಿಟ್ಟು ಎಷ್ಟೋ, ತನ್ನ ಕೈಗಳ ಮೇಲಿನ ಸಿಟ್ಟೂ ಅಷ್ಟೇ.

"ಭಾವ, ನಿಂತೇ ಇರಿ," ಎಂದು ಅವಳು ಎದ್ದಳು. "ಅಳಿಯಂದ್ರೇ, ಚಮಚ ಕೆಳಗಿಡಿ."

ಕೈಚೀಲದಿಂದ ಟೇಪು ತೆಗೆದು, ಅವನು ಏನು ಎತ್ತ ಅನ್ನುವುದರೊಳಗೆ ಸೊಂಟಕ್ಕೆ ಸುತ್ತಿ ಮಗಳನ್ನು ಕರೆದಳು. "ನೀನೇ ಓದಮ್ಮ, ಗಟ್ಟಿಯಾಗಿ ಓದು."

ಹುಡುಗಿ ಬಗ್ಗಿ ನೋಡಿದಳು. "ನಲವತ್ತೈದು."

"ಏನು ನಲವತ್ತೈದು? ನನ್ನ ಪ್ಯಾಂಟು ನಲವತ್ತೆರಡು!"

"ನಲವತ್ತೆರಡಿತ್ತು ಭಾವ. ನಾಲ್ಕು ಶನಿವಾರ ವಾರಕ್ಕೆ ಅರ್ಧ ಇಂಚು ಬಿಚ್ಚಿದ್ದೀನಿ. ಒಳಗೆ ಬಿಟ್ಟ ಬಟ್ಟೆ ಅಲ್ಲಿಗೆ ಮುಗೀತು. ಐದನೇ ಶನಿವಾರ ತುಂಡು ಕೂಡಿಸಿದೆ. ಹಿಂದೆ ಕೈ ಹಾಕಿ ನೋಡಿ, ನಡುವೆ ಸಿಗುತ್ತೆ."

ಭಾವನ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಬೆರಳುಗಳು ಹುಡುಕಿದವು, ಹುಡುಕಿ ನಿಂತವು.

"ಸಿಕ್ತಾ? ಅದು ನಿಮ್ಮ ತಮ್ಮನ ಪ್ಯಾಂಟಿನ ಬಟ್ಟೆ."

ಭಾವನ ಮುಖದ ಕೆಂಪು ಇಳಿದು ಬೂದಿಯಾಯಿತು. "ನನ್ನ ಸಾಯಿಸೋಕೆ ಹೊರಟಿದ್ದೆಯಾ?"

"ಹೌದು," ಎಂದಳು ಅವಳು. "ಒಂದು ದಿನಕ್ಕೆ ಏನೂ ಆಗಲ್ಲ ಅಂದಿದ್ರಲ್ಲ, ಐದು ವಾರಕ್ಕೆ ಏನಾಗುತ್ತೆ ನೋಡೋಣ ಅಂತ. ನಾನು ನಿಮ್ಮ ಬಾಯಿಗೆ ಒಂದು ತುತ್ತೂ ಇಟ್ಟಿಲ್ಲ ಭಾವ. ಆದ್ರೆ ನನ್ನ ಗಂಡನ ತಟ್ಟೆಗೆ ನಾಲ್ಕು ಸಲ ಬಡಿಸಿದೋರು ಯಾರು? ಇಲ್ಲಿ ಕೂತೋರೆಲ್ಲ ನೋಡಿದ್ದಾರೆ. ಹೇಳಿ, ಯಾರು?"

ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿಂದ.

"ನಾಲ್ಕಲ್ಲ, ಐದು," ಎಂದಳು ಅಕ್ಕ. ಕೈಯಲ್ಲಿ ಕೇಕಿನ ತಟ್ಟೆ ಹಿಡಿದು ನಿಂತಿದ್ದಳು. "ನಾನು ಎಣಿಸಿದ್ದೆ ರೀ. ಒಂದು ವರ್ಷದಿಂದ ಎಣಿಸ್ತಾನೇ ಇದ್ದೀನಿ."

ದರ್ಜಿ ತನ್ನ ಮುಂದಿದ್ದ ಪುಟ್ಟ ತಟ್ಟೆಯನ್ನು ಎತ್ತಿ ಭಾವನ ಮುಂದಿಟ್ಟಳು, ದೊಡ್ಡ ತಟ್ಟೆಯನ್ನು ಸರಿಸಿದಳು. ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟಳು. ಬಾಗಿಲು ದಾಟುವಾಗ ತಿರುಗಿ ನೋಡಿದರೆ, ಅಳಿಯ ಪುಡ್ಡಿಂಗಿನ ತಟ್ಟೆಯನ್ನು ದೂರ ತಳ್ಳಿದ್ದ. ಭಾವ ಇನ್ನೂ ನಿಂತೇ ಇದ್ದ, ಒಂದು ಕೈ ಬೆನ್ನ ಹಿಂದೆ.

ಹೊಸ ವರ್ಷ ಬಂದು ಹತ್ತು ದಿನವಾದ ಮೇಲೆ, ಒಂದು ಬೆಳಗ್ಗೆ ಭಾವ ಅಂಗಡಿಗೆ ಬಂದ. ಪ್ಯಾಂಟನ್ನು ಅಕ್ಕನ ಕೈಯಲ್ಲಿ ಕಳಿಸಿರಲಿಲ್ಲ, ತಾನೇ ಕಂಕುಳಲ್ಲಿ ಹಿಡಿದುಕೊಂಡು ಬಂದಿದ್ದ. ಒಳಗೆ ಅಳತೆ ಕೊಡಲು ಮೂವರು ಹೆಂಗಸರು ಕೂತಿದ್ದರು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಬಂದಿದ್ದನಂತೆ. ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತು ಅಂದರಂತೆ ಡಾಕ್ಟರು. ಕುತ್ತಿಗೆಯ ಮಡಿಕೆ ಸಡಿಲವಾಗಿ ಜೋತಿತ್ತು.

ಅವಳು ಬನ್ನಿ ಅನ್ನಲಿಲ್ಲ, ಕೂರಿ ಅನ್ನಲಿಲ್ಲ. ಅವನು ಆ ಮೂವರ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ: "ಇವಳು ನನ್ನ ತಮ್ಮನ್ನ ಉಪವಾಸ ಕೆಡವ್ಲಿಲ್ಲ. ಡಾಕ್ಟ್ರು ಹೇಳಿದ ಹಾಗೇ ಊಟ ಹಾಕ್ತಿದ್ಳು. ಬೇಡ ಬೇಡ ಅಂದ್ರೂ ತಿನ್ನಿಸಿದ್ದು ನಾನು. ಬೀದಿಯಲ್ಲಿ ಯಾರು ಕೇಳಿದ್ರೂ ಹೀಗೇ ಹೇಳಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ಅವನು ಪ್ಯಾಂಟನ್ನು ಮೇಜಿನ ಮೇಲಿಟ್ಟ. "ನಲವತ್ತೆರಡಕ್ಕೆ ಹಿಡಿದು ಹೊಲಿ. ಒಳಗೆ ಒಂದು ನೂಲೂ ಬಟ್ಟೆ ಬಿಡಬೇಡ." ಹಿಂಭಾಗದ ಹೊಲಿಗೆಯ ಮೇಲೆ ಬೆರಳಿಟ್ಟು ಅಂದ, "ಆ ತುಂಡು ಮಾತ್ರ ಬಿಚ್ಚಬೇಡಮ್ಮ. ಎಲ್ಲಾದ್ರೂ ಒಳಗೆ ಇರಲಿ. ತಮ್ಮಂದು."

ಅವಳು ಬ್ಲೇಡು ತೆಗೆದುಕೊಂಡಳು. ಮೊದಲು ಬಿಚ್ಚಿದ್ದೇ ಆ ತುಂಡನ್ನು. ದಾರದ ಚೂರುಗಳನ್ನು ಒಂದೊಂದೇ ಆರಿಸಿ ತೆಗೆದು, ಅಂಗೈಯಲ್ಲಿ ನೀವಿ, ತನ್ನ ಜೇಬಿಗೆ ಹಾಕಿಕೊಂಡಳು.

"ಅದು ನಂದು," ಎಂದಳು.

ಆಮೇಲೆ ಸೀಮೆಸುಣ್ಣದಲ್ಲಿ ನಲವತ್ತೆರಡಕ್ಕೆ ಗೆರೆ ಎಳೆದು, ಹೊಲಿದು, ಒಳಗೆ ಉಳಿದ ಎರಡಿಂಚು ಬಟ್ಟೆಯನ್ನು ಅವನ ಕಣ್ಣೆದುರೇ ಕತ್ತರಿಸಿ ಹಾಕಿದಳು. ಇನ್ನು ಆ ಪ್ಯಾಂಟನ್ನು ಯಾರೂ ಸಡಿಲ ಮಾಡಲಾಗದು. ಅವನು ಅದನ್ನು ತೆಗೆದುಕೊಂಡು ಮೆಟ್ಟಿಲಿಳಿಯುವಾಗ ಅವಳು ಬಾಗಿಲಿಗೆ ಬಂದು ನಿಂತಳು.

"ಪ್ರತಿ ಶನಿವಾರ ಬಂದು ಟೇಪು ಹಿಡಿಸ್ಕೊಂಡು ಹೋಗಿ ಭಾವ. ಒಂದು ವಾರನೂ ತಪ್ಪಿಸಬೇಡಿ. ನೂರು ವರ್ಷ ಬಾಳಿ," ಎಂದಳು. "ಅರೆಹೊಟ್ಟೇಲಿ ಬಾಳಿ. ಪ್ರತಿ ಊಟದಲ್ಲೂ ಅವರನ್ನ ನೆನೆಸ್ಕೊಂಡು ಬಾಳಿ."

ಒಳಗೆ ಬಂದು ಟೇಪು ತೆಗೆದುಕೊಂಡು, ಕಾಯುತ್ತಿದ್ದವರಲ್ಲಿ ಮೊದಲಿನವಳನ್ನು ಕರೆದಳು. ಆ ಹೆಂಗಸು ಈ ಸಲ ಕಣ್ಣು ತಪ್ಪಿಸಲಿಲ್ಲ.